ಮಳೆಯ ಲೆಕ್ಕ ಕಾಯುವ ರೈಟರಮ್ಮ

ಬೆಳಗ್ಗೆ ಆರೂವರೆ. ಮಾದಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿ ಅಕ್ಕಿ ರೊಟ್ಟಿ ಉಬ್ಬುತ್ತಿದೆ, ಪಕ್ಕದ ಮೇಜಿನ ಮೇಲೆ ಮೊಬೈಲ್ ಬಿಡುವಿಲ್ಲದೆ ಕೂಗುತ್ತಿದೆ. ‘ಮೇಡಂ, ಒಂದು ಇಂಚು ಹನ್ನೆರಡು.’ ‘ನಮ್ಮಲ್ಲಿ ಬರೀ ಮೋಡ ಕಣಮ್ಮ, ಸೊನ್ನೆ.’ ಯಾರೋ ಒಬ್ಬರು ಮಳೆಯ ಸುದ್ದಿಯನ್ನೇ ಮರೆತು ಮೊಮ್ಮಗಳ ಹುಟ್ಟುಹಬ್ಬದ ಫೋಟೊ ಕಳಿಸಿದ್ದಾರೆ. ಶರ್ಮಿಳಾ ರೊಟ್ಟಿ ಮಗುಚಿ, ಸೆರಗಿಗೆ ಕೈ ಒರೆಸಿಕೊಂಡು, ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಪರದೆಯಲ್ಲಿ ಚಿತ್ರವಿಲ್ಲ, ಒತ್ತಲು ಬಣ್ಣದ ಗುಂಡಿಗಳಿಲ್ಲ. ಅಕ್ಷರಗಳಲ್ಲೇ ಕೇಳಬೇಕು, ಅದು ಅಕ್ಷರಗಳಲ್ಲೇ ಉತ್ತರಿಸುತ್ತದೆ.

‘ಮದುವೆಯಾದ ಮೇಲೆ ನನ್ ಹತ್ರ ಈ ಲ್ಯಾಪ್‌ಟಾಪ್ ಹತ್ರ ಮಾತಾಡೋಷ್ಟು ನಯವಾಗಿ ಮಾತಾಡಿದ್ದೇ ಇಲ್ಲ ಸಾರ್’ ಎಂದು ಜೀಪ್ ಓಡಿಸುವ ಗಂಡ ಅಶೋಕ್ ರೊಟ್ಟಿಗೆ ಕೈ ಚಾಚುತ್ತಾ ನನ್ನತ್ತ ತಿರುಗಿ ದೂರುತ್ತಾರೆ. ಶರ್ಮಿಳಾ ಮುಂದಿನ ಸಾಲು ಟೈಪ್ ಮಾಡುತ್ತಾರೆ.

ಕೊಡಗಿನ ಬೆಳೆಗಾರರು ಹಲ್ಲುಜ್ಜುವುದನ್ನು ಮರೆತಾರು, ಮಳೆ ಅಳೆಯುವುದನ್ನು ಮರೆಯರು. ಎದ್ದ ಕೂಡಲೇ ಅಂಗಳದ ಮಳೆಮಾಪಕಕ್ಕೆ ಬಗ್ಗಿ ನೋಡಿದ ಮೇಲೆಯೇ ಕಾಫಿ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ; ನೂರು ಸೆಂಟಿಗೆ ಒಂದು ಇಂಚು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ಇವರು ಕದಲಿಲ್ಲ. ಮಾದಾಪುರ, ಸೋಮವಾರಪೇಟೆ, ಶನಿವಾರಸಂತೆ ಸುತ್ತಿನ ನೂರಕ್ಕೂ ಹೆಚ್ಚು ತೋಟಗಳ ಈ ಲೆಕ್ಕವನ್ನು ಬೆಳೆಗಾರರ ಗುಂಪೊಂದು ಒಟ್ಟು ಮಾಡುತ್ತದೆ. ಅದನ್ನು ಕಾಯುವವರು ಶರ್ಮಿಳಾ. ಮೊದಲು ಎಸ್ಟೇಟೊಂದರಲ್ಲಿ ರೈಟರ್ ಆಗಿ ಆಳುಗಳ ಹಾಜರಿ, ಕೊಯ್ದ ಕಾಫಿ ಹಣ್ಣಿನ ತೂಕ ಬರೆಯುತ್ತಿದ್ದರು. ಎಸ್ಟೇಟ್ ಕೈ ಬದಲಾದಾಗ ಕೆಲಸ ಹೋಯಿತು, ‘ರೈಟರಮ್ಮ’ ಎಂಬ ಹೆಸರು ಮಾತ್ರ ಉಳಿಯಿತು.

ಗುಂಪಿನ ಕೃಷಿ ಪದವೀಧರ ನವೀನ್‌ಕುಮಾರ್ ಹೀಗೆ ಟೈಪ್ ಮಾಡಿ ಕೊಡುವ ಕಮಾಂಡ್‌ಗಳನ್ನು ಕಲಿಸಿದಾಗ ಅವರಿಗೆ ಅಳು ಬರುವುದೊಂದು ಬಾಕಿಯಿತ್ತಂತೆ. ‘ಇಂಗ್ಲಿಷ್ ನಂಗೆ ಅಷ್ಟಕ್ಕಷ್ಟೆ. ಒಂದು ಚುಕ್ಕಿ ಬಿಟ್ರೂ ಬೈತಿತ್ತು ಅದು. ಎಸ್ಟೇಟ್ ಮ್ಯಾನೇಜರ್ ಬೈಗುಳ ತಿಂದಿದ್ದೋಳು, ಇದ್ಯಾವ ಲೆಕ್ಕ ಅಂತ ಕೂತೆ’ ಎಂದು ನಗುತ್ತಾರೆ. ಈಗ ನಾಲ್ಕೈದು ಕಮಾಂಡ್‌ಗಳು ಬೆರಳ ತುದಿಯಲ್ಲಿವೆ. ‘ಕಮಿಟ್’ ಎಂದರೆ ಇವತ್ತಿನ ಲೆಕ್ಕ ಒಂದು ಹೊಸ ಆವೃತ್ತಿಯಾಗಿ ಉಳಿಯುತ್ತದೆ, ಹಳೆಯದು ಅಳಿಯುವುದಿಲ್ಲ. ‘ಡಿಫ್’ ಎಂದರೆ ಎರಡು ಆವೃತ್ತಿಗಳ ನಡುವೆ ಏನು ಬದಲಾಯಿತೆಂದು ತೋರಿಸುತ್ತದೆ. ಪ್ರತಿ ಬಾರಿ ಉಳಿಸುವಾಗಲೂ ಕಾರಣ ಬರೆಯಬೇಕು, ಅದನ್ನು ಅವರು ಕನ್ನಡದಲ್ಲೇ ಬರೆಯುತ್ತಾರೆ. ಒಂದು ಹೀಗಿದೆ: ‘ಮಾಪಕದೊಳಗೆ ಕಪ್ಪೆ ಕೂತಿತ್ತು. ನಿನ್ನೆಯ ಲೆಕ್ಕ ನಂಬಬೇಡಿ.’

ಕರೆಂಟು ಹೋದರೆ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ. ನೆಟ್‌ವರ್ಕ್ ಇಲ್ಲದಿದ್ದರೂ ಲೆಕ್ಕ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತದೆ. ಅದನ್ನು ಗುಂಪಿನ ಸರ್ವರ್ ಕಂಪ್ಯೂಟರಿಗೆ ಕಳಿಸಲು ಕೊಡೆ ಹಿಡಿದು, ನೆಟ್‌ವರ್ಕ್ ಸಿಗುವ ನೀರಿನ ಟ್ಯಾಂಕಿನ ದಿಬ್ಬ ಹತ್ತುತ್ತಾರೆ. ಜಿಗಣೆಗಳಿಗೂ ಅವರ ಪರಿಚಯ ಚೆನ್ನಾಗಿದೆ.

ಇಷ್ಟೆಲ್ಲ ಏಕೆ ಎನ್ನುವವರಿಗೆ ಈ ಸಲದ ಮಾರ್ಚ್ ತಿಂಗಳ ಕಥೆ ಹೇಳಬೇಕು. ಕಾಫಿಗೆ ಹೂಮಳೆ ಎಂದರೆ ಜೀವ. ಚೆನ್ನಾಗಿ ಸುರಿದರೆ ವಾರ ಕಳೆದು ತೋಟವಿಡೀ ಹೂವು. ಬರೀ ತುಂತುರು ಬಿದ್ದರೆ ಮೊಗ್ಗು ಅರೆಬರೆ ಒಡೆದು ಕಮರುತ್ತದೆ, ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಹಾಗಾಗಿ ಮಳೆ ಸಾಲದ ಸಣ್ಣ ತೋಟಗಳಿಗೆ ಗುಂಪಿನ ಸ್ಪ್ರಿಂಕ್ಲರ್ ಸೆಟ್ ಹೋಗುತ್ತದೆ. ಯಾರಿಗೆ ಮೊದಲು ಎಂದು ತೀರ್ಮಾನಿಸುವುದು ಶರ್ಮಿಳಾ ಅವರ ಲೆಕ್ಕ.

ಮೊದಲ ಹೂಮಳೆ ಬಿದ್ದ ಬೆಳಗ್ಗೆ ಎಲ್ಲರ ಸಂದೇಶವೂ ಒಟ್ಟಿಗೇ ನುಗ್ಗಿತು. ಬೆಳೆಗಾರರು ಇಂಚು ಮತ್ತು ಸೆಂಟಿನ ನಡುವೆ ಅಡ್ಡಗೆರೆ ಹಾಕಿ ಬರೆಯುತ್ತಾರೆ. ಅವಸರದಲ್ಲಿ ಶರ್ಮಿಳಾ ಒಂದೇ ಏಟಿಗೆ ಎಲ್ಲ ಗೆರೆಗಳನ್ನೂ ಚುಕ್ಕಿ ಮಾಡಿಬಿಟ್ಟರು. 1-12 ಎಂಬುದು 1.12 ಆಯಿತು, ಸರಿ. ಆದರೆ ಶನಿವಾರಸಂತೆ ಹತ್ತಿರದ ಕರಿಬಸಪ್ಪ ಅವರ 0-8 ಎಂಬುದು 0.08 ಆಗುವ ಬದಲು 0.8 ಆಯಿತು. ಎಂಟು ಸೆಂಟ್ ತುಂತುರು ಎಂಬತ್ತು ಸೆಂಟ್ ಮಳೆಯಾಗಿ, ಅವರ ಹೆಸರು ಪಟ್ಟಿಯಿಂದ ಬಿತ್ತು. ಕಣ್ಣೆದುರೇ ಸ್ಪ್ರಿಂಕ್ಲರ್ ಸೆಟ್ ಪಕ್ಕದ ತೋಟಕ್ಕೆ ಹೋಗುವುದನ್ನು ನೋಡಿ ಕರಿಬಸಪ್ಪ ಕೆಂಡವಾದರು.

‘ನನ್ ಮೊಗ್ಗು ಒಣಗ್ತಾ ಐತೆ, ನೀನು ಮಳೆ ಬಂತು ಅಂತ ಬರ್ದಿದ್ದೀಯಾ ರೈಟರಮ್ಮ? ಇನ್ಮೇಲೆ ನನ್ ಮಳೆ ನಿಮಗೆ ಕೊಡಲ್ಲ’ ಎಂದು ಫೋನ್ ಇಟ್ಟರಂತೆ. ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಆ ಕೊನೆಯ ಮಾತು ಶರ್ಮಿಳಾ ಅವರನ್ನು ಚುಚ್ಚಿತು.

ಬಂದದ್ದನ್ನು ಬಂದ ಹಾಗೆಯೇ ಒಮ್ಮೆ ಉಳಿಸಿ, ಆಮೇಲೆ ತಿದ್ದುವುದು ಅವರ ರೂಢಿ. ಡಿಫ್ ಕೊಟ್ಟರು. ಕೆಂಪು ಸಾಲಿನಲ್ಲಿ ಕರಿಬಸಪ್ಪ ಕಳಿಸಿದ್ದು, ಹಸಿರು ಸಾಲಿನಲ್ಲಿ ತಾವು ಮಾಡಿದ್ದು. ಅದೇ ರೀತಿ ತಪ್ಪಿದ ಇನ್ನೂ ಕೆಲವು ತೋಟಗಳು ಸಿಕ್ಕವು. ಹಳೆಯ ಆವೃತ್ತಿಗೆ ಹಿಂದಿರುಗಿ, ಒಂದೊಂದನ್ನೇ ಸರಿಪಡಿಸಿ, ಹೊಸ ಪಟ್ಟಿ ಕಳಿಸಿದರು. ಸಂಜೆಗೆ ಸೆಟ್ ಕರಿಬಸಪ್ಪ ಅವರ ಗೇಟಿನಲ್ಲಿತ್ತು. ಮೊಗ್ಗು ಇನ್ನೂ ಕಮರಿರಲಿಲ್ಲ, ಪುಣ್ಯ.

ತೋಟ ಹೂವಿನಿಂದ ಬೆಳ್ಳಗಾಯಿತು. ಕರಿಬಸಪ್ಪ ಮಾತ್ರ ಪಟ್ಟು ಬಿಡಲಿಲ್ಲ. ಮುಂದಿನ ಮಳೆಗೂ ಅವರ ಸಂದೇಶವಿಲ್ಲ. ಆ ಜಾಗ ಖಾಲಿ ಇರುವುದನ್ನು ನೋಡಲಾರದೆ ಶರ್ಮಿಳಾ ಗಂಡನ ಜೀಪ್ ಹತ್ತಿ, ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಅವರ ಮನೆಗೇ ಹೋದರು.

ಮುಂದಿನದನ್ನು ಕರಿಬಸಪ್ಪ ಅವರ ಬಾಯಲ್ಲೇ ಕೇಳಬೇಕು. ‘ಕಂಪ್ಯೂಟರ್ ತಪ್ಪು ಅಂತಾಳೆ ಅನ್ಕಂಡೆ. ತೆಗ್ದು ತೋರ್ಸಿದ್ಲು. “ಅವಸರ ಮಾಡಿ ಎಂಟನ್ನ ಎಂಬತ್ತು ಮಾಡಿದೆ, ತಪ್ಪು ನನ್ನದು, ಶರ್ಮಿಳಾ” ಅಂತ ಬರ್ದೈತೆ! ಇದನ್ನ ಅಳ್ಸಕ್ಕಾಗಲ್ವೇನವ್ವಾ ಅಂದೆ. ಆಗುತ್ತಣ್ಣ, ಆದ್ರೆ ಅಳ್ಸಲ್ಲ ಅಂದ್ಲು. ಕಾಫಿ ಕುಡಿ ಅಂದೆ.’ ಅಂದು ಬೆಳಗಿನ ಮಳೆಯನ್ನೂ ಕಾಫಿಯ ಜೊತೆಗೇ ಹೇಳಿದರಂತೆ.

ಒಲೆ ಆರಿದೆ, ಮೊಬೈಲ್ ಸುಮ್ಮನಾಗಿದೆ. ಮುಂದಿನ ಆಸೆ ಏನು ಎಂದರೆ ಶರ್ಮಿಳಾ ನಾಚುತ್ತಾರೆ. ಸಂಬಳ ಹೆಚ್ಚಾದರೆ ಬೇಡವೆನ್ನುವುದಿಲ್ಲವಂತೆ. ಆಮೇಲೆ ಸ್ವಲ್ಪ ಯೋಚಿಸಿ ಹೇಳುತ್ತಾರೆ: ‘ನಾನಿಲ್ದೆ ಇದ್ದಾಗ್ಲೂ ಯಾರಾದ್ರೂ ಇದನ್ನ ತೆಗ್ದು ನೋಡ್ಬೇಕು ಸಾರ್. ಆವಾಗ ನನ್ ತಪ್ಪೂ ಅವರ ಕಣ್ಣಿಗೆ ಬೀಳ್ಲಿ. ಅದು ಕಂಡ್ರೇನೇ, ಮಿಕ್ಕಿದ್ ಮಳೆ ನಿಜವಾಗ್ಲೂ ಬಂದಿತ್ತು ಅಂತ ನಂಬ್ತಾರೆ.’