ಬೇಕರಿ ಸಾಹೇಬರ ಸೋಮವಾರ

ಬೇಕರಿ ಸಾಹೇಬರು ನಲವತ್ತು ವರ್ಷ ಒಲೆಯ ಮುಂದೆ ನಿಂತವರು. ಮುಖ ಕೆಂಪು, ಮಾತು ಮಾತ್ರ ಮೆತ್ತಗೆ. ಜಗಳವೆಂದರೆ ಮಾರು ದೂರ. ಅಂಥ ಮನುಷ್ಯ ಜೀವಮಾನದಲ್ಲಿ ಜಗಳವಾಡಿದ್ದು ಒಂದೇ ಸಲ, ಅದೂ ಅಳಿಯನ ಜೊತೆ, ಅದೂ ಪ್ರವಾದಿಯವರು ಹುಟ್ಟಿದ ದಿನ!

ಆ ದಿನ ಬಂತೆಂದರೆ ಸಾಹೇಬರು ಅಂಗಡಿಗೆ ಬಣ್ಣದ ದೀಪ ಕಟ್ಟಿ, ಸಿಹಿ ಬನ್ನು ಸುಟ್ಟು, ದಾರಿಹೋಕರನ್ನೆಲ್ಲ ಕರೆಕರೆದು ಕೈಗಿಡುತ್ತಿದ್ದರು. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ. ಅಳಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಆಧಾರವಿಲ್ಲದೆ ಏನನ್ನೂ ಒಪ್ಪುವವರಲ್ಲ. ಪ್ರವಾದಿಯವರೂ ಈ ದಿನವನ್ನು ಹೀಗೆ ಆಚರಿಸಲಿಲ್ಲ, ಅವರ ಸಂಗಡಿಗರೂ ಆಚರಿಸಲಿಲ್ಲ, ಧರ್ಮಕ್ಕೆ ಹೊಸದೊಂದನ್ನು ಸೇರಿಸಲು ನಾವು ಯಾರು ಎಂಬುದು ಅವರ ವಾದ. ಹೋದ ವರ್ಷ ಮಗಳ ಮನೆಗೆ ಕಳಿಸಿದ ಬನ್ನಿನ ತಟ್ಟೆ ಹೊದಿಸಿದ ಬಟ್ಟೆಯ ಸಮೇತ ವಾಪಸು ಬಂತು. ಸಾಹೇಬರ ಪಿತ್ತ ನೆತ್ತಿಗೇರಿತು. ಪ್ರೀತಿಗೂ ಆಧಾರ ಕೇಳುವವನು ನನ್ನ ಮನೆ ಮೆಟ್ಟಿಲು ಹತ್ತುವುದು ಬೇಡ ಎಂದುಬಿಟ್ಟರು. ಮೇಷ್ಟ್ರು ಹತ್ತಲಿಲ್ಲ.

ಅಲ್ಲಿಂದ ಮಗಳು ತವರಿಗೆ ಒಬ್ಬಳೇ ಬರುವಳು, ಕೂತ ಕೂಡಲೇ ಗಡಿಯಾರ ನೋಡುವಳು. ಸಾಹೇಬರಿಗೆ ವಾದದಲ್ಲಿ ಗೆಲ್ಲುವ ಆಸೆ ಎಂದೋ ಹೋಗಿತ್ತು. ಮಗಳು ಅಳಿಯ ಜೊತೆಯಾಗಿ ಬಂದು ಒಂದು ಹೊತ್ತು ಊಟಕ್ಕೆ ಕೂತರೆ ಸಾಕಿತ್ತು. ಆದರೆ ಬೇಡ ಎಂದ ಬಾಯಿಂದ ಬಾ ಎನ್ನುವುದು ಹೇಗೆ?

ದಾರಿ ತೋರಿಸಿದವಳು ಮಗಳೇ. ಪ್ರವಾದಿಯವರು ಸೋಮವಾರ ಉಪವಾಸ ಇರುತ್ತಿದ್ದರು, ಯಾಕೆಂದು ಕೇಳಿದರೆ ತಾವು ಹುಟ್ಟಿದ್ದು ಆ ವಾರ ಎಂದಿದ್ದರು, ಇದನ್ನು ನಮ್ಮ ಮನೆಯವರೂ ಒಪ್ಪುತ್ತಾರೆ, ಸೋಮವಾರ ಉಪವಾಸವನ್ನೂ ಇರುತ್ತಾರೆ ಎಂದಳು. ಸಾಹೇಬರು ಹಿಂದೆ ಮುಂದೆ ನೋಡಲಿಲ್ಲ. ಬರುವ ಸೋಮವಾರ ನಾನೂ ಉಪವಾಸ, ಸಂಜೆ ಇಬ್ಬರೂ ನಮ್ಮಲ್ಲೇ ಬಂದು ಉಪವಾಸ ಬಿಡಲಿ ಎಂದು ಹೇಳಿ ಕಳಿಸಿದರು. ಬರುತ್ತೇವೆ ಎಂದು ಉತ್ತರ ಬಂತು.

ಸೋಮವಾರ ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿತ್ತು. ಹೊಸ ಬನ್ನು ಒಲೆಯಿಂದ ಇಳಿದಾಗ ಒಂದನ್ನು ಮುರಿದು ಉಪ್ಪು ನೋಡುವುದು ಸಾಹೇಬರ ನಲವತ್ತು ವರ್ಷದ ಅಭ್ಯಾಸ. ಕೈ ಬನ್ನು ಮುರಿಯಿತು, ಬಾಯಿ ಅಗಿಯಿತು. ಅರ್ಧ ಬನ್ನು ಹೊಟ್ಟೆ ಸೇರಿದ ಮೇಲೆ ಉಪವಾಸ ನೆನಪಾಯಿತು. ಬಾಯಲ್ಲಿದ್ದುದನ್ನು ಉಗಿದರು. ನೋಡಿದವರು ಯಾರೂ ಇರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಪ್ರವಾದಿಯವರ ನೆನಪಿನಲ್ಲಿ ಹಿಡಿದ ಉಪವಾಸದಲ್ಲಿ ಕಳ್ಳಾಟ ಆಡಲು ಅವರ ಜೀವ ಒಪ್ಪಲಿಲ್ಲ. ಆಮೇಲೆ ಸಂಜೆಯವರೆಗೆ ನೀರನ್ನೂ ಮುಟ್ಟಲಿಲ್ಲ.

ಸಂಜೆ ಇಬ್ಬರೂ ಬಂದರು. ಹೊತ್ತು ಮುಳುಗಿತು. ಎಲ್ಲರೂ ಖರ್ಜೂರಕ್ಕೆ ಕೈಹಾಕಿದರೆ ಸಾಹೇಬರ ಕೈ ಮಡಿಲಲ್ಲೇ ಇತ್ತು.

“ನೀವು ಉಪವಾಸ ಬಿಡಿ. ನನ್ನದು ಮಧ್ಯಾಹ್ನನೇ ಕೆಟ್ಟೋಯ್ತು. ಮರೆತು ಬನ್ನು ತಿಂದ್ಬಿಟ್ಟೆ,” ಎಂದರು ತಲೆತಗ್ಗಿಸಿ.

ಮೇಷ್ಟ್ರು ನಗುತ್ತಾರೆ ಎಂದುಕೊಂಡಿದ್ದರು. ಮೇಷ್ಟ್ರು ನಗಲಿಲ್ಲ. “ಮರೆತು ತಿಂದ್ರೆ ಉಪವಾಸ ಮುರಿಯಲ್ಲ ಮಾವ. ಹಾಗೆ ತಿಂದವರಿಗೆ ದೇವರೇ ತಿನ್ನಿಸಿದ್ದು ಅಂತಾರೆ.”

“ಅದಕ್ಕೆ ಆಧಾರ ಇದೆಯಾ?”

ಮಗಳು ಕಿಸಕ್ಕನೆ ನಕ್ಕಳು. ಪ್ರವಾದಿಯವರ ಮಾತೇ ಇದೆ ಎಂದ ಮೇಷ್ಟ್ರು ಒಂದು ಖರ್ಜೂರ ತೆಗೆದು ಮಾವನ ಕೈಗಿಟ್ಟರು. ಸಾಹೇಬರು ಕಣ್ಣು ಮುಚ್ಚಿಕೊಂಡು ತಿಂದರು.

ಊಟವಾದ ಮೇಲೆ ಸಾಹೇಬರು ಇದ್ದದ್ದನ್ನು ಇದ್ದಂತೆ ಹೇಳಿದರು: ಈ ವರ್ಷವೂ ಅಂಗಡಿಗೆ ದೀಪ ಕಟ್ಟುತ್ತೇನೆ, ಬನ್ನು ಹಂಚುತ್ತೇನೆ. ಮೇಷ್ಟ್ರೂ ಹಾಗೇ ಹೇಳಿದರು: ಆ ದಿನ ನಾನು ಬರುವುದಿಲ್ಲ. ಮಗಳ ಮುಖ ಬಾಡಿತು.

“ಆದ್ರೆ ಮಾವ, ವರ್ಷಕ್ಕೆ ಐವತ್ತೆರಡು ಸೋಮವಾರ ಇದೆ. ನೀವು ಹೂಂ ಅಂದ್ರೆ ಎಲ್ಲದಕ್ಕೂ ಬರ್ತೀವಿ.”

ಸಾಹೇಬರು ಮನಸ್ಸು ಮಾಡಿದ್ದು ಒಂದೇ ಒಂದು ಉಪವಾಸಕ್ಕೆ. ಆದರೂ ಅಳಿಯನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹೂಂ ಎಂದು ತಲೆಯಾಡಿಸಿದರು.