ನಂಜಣ್ಣನ ಎಂಟು ತೂತಿನ ಪೆಟ್ಟಿಗೆ

ನಮ್ಮ ರಮ್ಯಳಿಗೆ ಕೆಲಸ ಸಿಕ್ಕಿತು! ರಮ್ಯ ಎಂದರೆ ನನ್ನ ಮಗ ಕುಮಾರನ ಮಗಳು. ರಾಮನಗರದ ಒಂದು ಕಾಲೇಜಿನಲ್ಲಿ ಅಷ್ಟೂ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಕೆಟ್ಟರೆ ಸರಿಮಾಡುವ ಕೆಲಸ. ಬೆಳಿಗ್ಗೆ ನಾನು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅವಳ ಫೋನಿಗೆ ಆರ್ಡರು ಬಂದಿತ್ತು. ಖಾಲಿ ಕ್ಯಾನು ಹಿಡಿದೇ ಮತ್ತೆ ಬೀದಿಗೆ ಓಡಿದೆ. ಹೊಂಗನೂರಿನಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಹೇಳಿದೆ. ಕೆಲವರಿಗೆ ಎರಡು ಸಲ. ಹೇಳಿ ಮುಗಿದ ಮೇಲೆ ಒಬ್ಬನು ಉಳಿದುಕೊಂಡ. ಎಲ್ಲರಿಗಿಂತ ಮೊದಲು ಅವನಿಗೇ ಹೇಳಬೇಕಿತ್ತು. ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.

ಅವನು ವೈರ್ ನಂಜಣ್ಣ.

ನಮ್ಮ ಕಡೆ ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ನಂಜಣ್ಣ ಅಗಿಯುತ್ತಿದ್ದ. ಕಣ್ಣು ಅರೆ ಮುಚ್ಚಿ, ಎಡಗಡೆಯ ದವಡೆಗೆ ತಳ್ಳಿಕೊಂಡು, ಎಮ್ಮೆ ಮೆಲುಕು ಹಾಕಿದ ಹಾಗೆ. ನೋಡಿದರೇ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

"ನುಂಗ್ಲಾ ಮೂದೇವಿ, ಹಲ್ಲಿಗೆ ಮೆತ್ಕೊತದೆ," ಎಂದರೆ, "ನುಂಗುದ್ರೆ ರುಚಿ ಹೊಟ್ಟೆಗೆ ಗೊತ್ತಾಯ್ತದೆ ದೊಡ್ಡವ್ವ, ನಂಗೆ ಗೊತ್ತಾಗಲ್ಲ," ಎನ್ನುತ್ತಿದ್ದ.

ನಮ್ಮ ಮನೆಯ ಮುಂದಿನ ಕೋಣೆಯನ್ನು ಅವನು ಬಾಡಿಗೆಗೆ ಹಿಡಿದು, ಊರಿಗೆ ಇಂಟರ್‌ನೆಟ್ ಕೊಡುತ್ತಿದ್ದ. ಗೋಡೆಯ ಗೂಡಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಎಂಟು ತೂತು, ತೂತಿಗೊಂದು ಹಸಿರು ದೀಪ. ಸ್ವಿಚ್ಚು ಎನ್ನುತ್ತಿದ್ದ, ದೀಪ ಹಾಕುವ ಸ್ವಿಚ್ಚಲ್ಲ. ಡೈರಿಗೆ, ಜೆರಾಕ್ಸ್ ಅಂಗಡಿಗೆ, ಅಕ್ಕಪಕ್ಕದ ಮನೆಗಳಿಗೆ ಅದರಿಂದಲೇ ವೈರು ಹೋಗುತ್ತಿತ್ತು. ಅವನಿಗೆ ಮದುವೆಯಾಗಿರಲಿಲ್ಲ, ಮಧ್ಯಾಹ್ನದ ಊಟ ನಮ್ಮ ಜೊತೆಯೇ.

ರಮ್ಯ ಆಗ ಕಂಪ್ಯೂಟರ್ ಡಿಪ್ಲೊಮಾ ಸೇರಿದ್ದಳು. ಪುಸ್ತಕ ತಲೆಗೆ ಹತ್ತುವುದಿಲ್ಲವೆಂದು ಅಳುತ್ತಿದ್ದಳು. "ಓದಿದ್ದು ಸಾಕು, ಮನೇಲಿರು," ಎಂದು ಕುಮಾರನೂ ಅಂದುಬಿಟ್ಟಿದ್ದ. ನಾನು ಯಾವ ಮುಖದಿಂದ ಏನು ಹೇಳಲಿ? ನಾನು ಓದಿದ್ದು ಮೂರನೇ ಕ್ಲಾಸು. ಅವಳು ಅಳುವುದನ್ನು ನೋಡಿಕೊಂಡು ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ನಂಜಣ್ಣ ಪುಸ್ತಕ ಮುಚ್ಚಿಸಿ, ಅವಳನ್ನು ಆ ಪೆಟ್ಟಿಗೆಯ ಮುಂದೆ ಕೂರಿಸಿದ.

"ಇದು ಹೊಸ ಸೊಸೆ ಇದ್ದಂಗೆ ಕಣಮ್ಮ," ಎಂದ. "ಬಂದಾಗ ಯಾರೂ ಗೊತ್ತಿರಲ್ಲ. ನೀನ್ಯಾರು ಅಂತ ಯಾರ್ನೂ ಕೇಳಲ್ಲ. ಸುಮ್ನೆ ಕಿವಿ ಕೊಟ್ಕೊಂಡಿರ್ತದೆ. ಡೈರಿ ಕಂಪ್ಯೂಟರು ಏನೋ ಕಳಿಸ್ತು, ಮೂರನೇ ತೂತಿಂದ ಬಂತು. ಓ, ಇವ್ನು ಮೂರನೇ ಕಡೆಯೋನು ಅಂತ ಬರ್ಕೊತದೆ. ಆಮೇಲೆ ಅವ್ನಿಗೆ ಏನೇ ಬಂದ್ರೂ ನೆಟ್ಟಗೆ ಮೂರಕ್ಕೇ ತಳ್ತದೆ."

"ಅವ್ನು ಇನ್ನೂ ಮಾತೇ ಆಡಿಲ್ಲ ಅಂದ್ರೆ? ಎಲ್ಲವ್ನೆ ಅಂತ ಹೆಂಗೆ ಗೊತ್ತಾಯ್ತದೆ?" ಎಂದಳು ರಮ್ಯ, ಮೂಗು ಒರೆಸಿಕೊಂಡು.

"ಕೂಗು ಬಂದ ತೂತು ಒಂದು ಬುಟ್ಟು, ಮಿಕ್ಕಿದ್ ಎಲ್ಲಾ ತೂತಿಗೂ ಕೂಗ್ತದೆ. ಸಂಬಂಧಪಟ್ಟೋನು ಓಗೊಡ್ತಾನೆ. ಓಗೊಟ್ಟ ಅಂದ್ರೆ ಅವ್ನೂ ಪಟ್ಟಿಗೆ ಸೇರ್ದ."

"ಓಗೊಡ್ದಿದ್ರೆ?" ಎಂದೆ ನಾನು.

"ಮುಂದಿನ್ ಸಲಾನೂ ಎಲ್ಲಾ ಕಡೀಕೂ ಕೂಗ್ತದೆ ದೊಡ್ಡವ್ವ. ಅದಕ್ಕೇನ್ ನಾಚ್ಕೆಯಾ?"

ಇನ್ನೊಂದು ಹೇಳಿದ. ಐದು ನಿಮಿಷ ಯಾರಾದರೂ ಸದ್ದು ಮಾಡದಿದ್ದರೆ ಆ ಪೆಟ್ಟಿಗೆ ಅವರ ಹೆಸರು ಅಳಿಸಿಬಿಡುತ್ತದಂತೆ. ಐದೇ ನಿಮಿಷ! "ಎಂಥಾ ಕಟುಕ್ ಪೆಟ್ಟಿಗೆಲಾ ಇದು," ಎಂದೆ.

"ಕಟುಕ ಅಲ್ಲ. ಜಾಗ ಬುಟ್ಟೋದೋರ ಹೆಸ್ರು ಹಂಗೇ ಮಡಿಕ್ಕೊಂಡ್ರೆ, ಬಂದಿದ್ನೆಲ್ಲ ಖಾಲಿ ಮನೆಗೆ ತಳ್ತಾ ಇರ್ತದೆ. ಅವ್ರು ಹೊಸಾ ತೂತಿಂದ ಒಂದೇ ಒಂದು ಮಾತಾಡ್ಲಿ, ತಕ್ಷಣ ತಿದ್ಕೊತದೆ."

ಆಯುಧ ಪೂಜೆಯ ದಿನ ನಾನು ಮಾಡಿದ ಘನಂದಾರಿ ಕೆಲಸವನ್ನೂ ಹೇಳಿಬಿಡುತ್ತೇನೆ. ನಂಜಣ್ಣ ಹೂವು ತರಲು ಚನ್ನಪಟ್ಟಣಕ್ಕೆ ಹೋಗಿದ್ದ. ನಾನು ಪೆಟ್ಟಿಗೆ ಒರೆಸಿ, ಕುಂಕುಮ ಇಟ್ಟು, ಹಿತ್ತಲಿನ ಚೆಂಡುಹೂವು ಸಿಕ್ಕಿಸಿದೆ. ಒಂದು ವೈರಿನ ತುದಿ ತೂತಿನಲ್ಲಿತ್ತು, ಇನ್ನೊಂದು ತುದಿ ಬಾಲದ ಹಾಗೆ ನೇತಾಡುತ್ತಿತ್ತು. ಹಬ್ಬದ ದಿನ ಲಕ್ಷಣವಲ್ಲವೆಂದು ಆ ತುದಿಯನ್ನೂ ಅದೇ ಪೆಟ್ಟಿಗೆಯ ಖಾಲಿ ತೂತಿಗೆ ತುರುಕಿದೆ. ಟಕ್ ಎಂದು ಕೂತಿತು. ಅಷ್ಟೂ ದೀಪಗಳು ಒಟ್ಟಿಗೆ ಪಟಪಟ ಬಡಿದುಕೊಳ್ಳಲು ಶುರುಮಾಡಿದವು. ಪೂಜೆ ಒಪ್ಪಿಗೆಯಾಯಿತೆಂದು ನನಗೆ ಎಲ್ಲಿಲ್ಲದ ಖುಷಿ. ಸೊಸೆ ಸವಿತಳನ್ನು ಕೂಗಿದೆ: "ಬಾರವ್ವ, ಪೆಟ್ಟಿಗೆಗೆ ಮೈಮೇಲೆ ಬಂದದೆ!"

ದೇವರಿಗಿಂತ ಮುಂಚೆ ಡೈರಿಯವರು ಬಂದರು. ಕಂಪ್ಯೂಟರು ನಿಂತುಹೋಗಿದೆ, ಹಾಲಿನವರು ಸಾಲುಗಟ್ಟಿದ್ದಾರೆ ಎಂದು ಬಾಯಿಗೆ ಬಂದಂತೆ ಬೈದರು. ನಂಜಣ್ಣ ಬಂದವನೇ ಅದನ್ನು ಕಿತ್ತ, ಇದನ್ನು ಸಿಕ್ಕಿಸಿದ. ಬೆವರಿಳಿಯುತ್ತಿತ್ತು. ನಾನು ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನನ್ನ ಕೈಯಿಂದಲೇ ಆದದ್ದೆಂದು ಅನುಮಾನ ಬಂದಿತ್ತು. ಆಗ ರಮ್ಯ ಹೂವು ಸರಿಸಿ, ಬೆರಳಿಟ್ಟು ತೋರಿಸಿದಳು.

"ಮಾಮ, ಈ ವೈರಿನ ಎರಡೂ ತುದಿ ಇದ್ರಲ್ಲೇ ಐತೆ. ಕೂಗು ಆಚೆ ಹೋಗಿ ಇಲ್ಲಿಗೇ ಬತ್ತಾ ಐತೆ. ಡೈರಿ ಒಂದು ಗಳಿಗೆ ಮೂರರಲ್ಲೈತೆ, ಒಂದು ಗಳಿಗೆ ಏಳರಲ್ಲೈತೆ ಅಂತ ಪಾಪ ಇದು ಬರೀತಾನೇ ಐತೆ, ಅಳಿಸ್ತಾನೇ ಐತೆ."

ವೈರು ಕಿತ್ತಳು. ಸ್ವಲ್ಪ ಹೊತ್ತಿಗೆ ದೀಪಗಳು ಸಮಾಧಾನಕ್ಕೆ ಬಂದವು. ನಂಜಣ್ಣ ಅವಳನ್ನೇ ನೋಡಿದ. "ಇದ್ನ ನಾನು ಹೇಳ್ಕೊಟ್ಟಿರ್ಲಿಲ್ವಲ್ಲ?"

"ಇಲ್ಲ. ನೀವು ನೋಡೋದ್ನ ನೋಡ್ತಿದ್ದೆ."

ಅವನು ಕುಮಾರನ ಕಡೆ ತಿರುಗಿ, "ಲೇ ಕುಮಾರ, ಇವ್ಳ ಓದು ನಿಲ್ಸುದ್ರೆ ನಿನ್ನ ಮನೆ ಮುದ್ದೆ ಮುಟ್ಟಲ್ಲ ಕಣ್ಲಾ," ಎಂದ. ಕುಮಾರ ಆಮೇಲೆ ಆ ಮಾತೆತ್ತಲಿಲ್ಲ.

ಮುಂದೆ ಊರಿಗೆ ದೊಡ್ಡ ಕಂಪನಿಯವರ ಗಾಜಿನ ವೈರು, ಫೈಬರಂತೆ, ಬಂತು. ನಂಜಣ್ಣನ ತೂತುಗಳ ದೀಪಗಳು ಒಂದೊಂದಾಗಿ ಆರಿದವು. ಬೇಡವೆಂದವರ ಮನೆಯ ವೈರನ್ನು ತಾನೇ ಹೋಗಿ ಬಿಚ್ಚಿ ಸುತ್ತಿಕೊಂಡು ಬರುತ್ತಿದ್ದ. ನಾವು ಒಂದು ಮನೆಯವರು ಎಷ್ಟು ಇಂಟರ್‌ನೆಟ್ ಕುಡಿಯಲು ಆಗುತ್ತದೆ? ಕೊನೆಗೆ ಪೆಟ್ಟಿಗೆಯನ್ನು ರಮ್ಯಳ ಕೈಗಿಟ್ಟು ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿದ.

"ಕನಕಪುರದ ಕಡೆ ಅಕ್ಕನ ಮನೇಲಿ ಒಸಿ ದಿನ ಇರ್ತೀನಿ ದೊಡ್ಡವ್ವ."

"ಯಾವೂರ್ಲಾ?"

"ಹೋಗಿ ಫೋನ್ ಮಾಡ್ತೀನಿ, ಆಗ ಬರ್ಕೊಳ್ಳಿ." ಬಸ್ಸು ಹೊರಟುಬಿಟ್ಟಿತು. ಅವನು ಫೋನು ಮಾಡಲಿಲ್ಲ. ನಾವು ಮಾಡಿದರೆ, ಅಂಥ ನಂಬರೇ ಇಲ್ಲವೆಂದು ಒಬ್ಬಳು ಹೇಳುತ್ತಾಳೆ.

ಇವತ್ತು ನಾನು ಅವನ ಪೆಟ್ಟಿಗೆಯ ಹಾಗೆಯೇ ಮಾಡಿದೆ. ವಿರೂಪಾಕ್ಷಿಪುರದ ಕಡೆ ಹೋಗುವ ಹಾಲಿನ ವ್ಯಾನಿನವನಿಗೆ ಹೇಳಿದೆ. ಚನ್ನಪಟ್ಟಣದ ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಬೈರಾಪಟ್ಟಣದ ನೆಂಟರಿಗೆ, ಕನಕಪುರದಿಂದ ಸೊಸೆ ತಂದವರಿಗೆ, ಎಲ್ಲರಿಗೂ: "ಮುದ್ದೆ ಅಗಿಯೋ ನಂಜಣ್ಣ ಸಿಕ್ಕುದ್ರೆ, ರಮ್ಯಂಗೆ ಕೆಲಸ ಆಯ್ತಂತೆ, ಊಟಕ್ಕೆ ಬರ್ಬೇಕಂತೆ ಅನ್ನಿ." ಸಂಜೆಯವರೆಗೆ ಯಾರೂ ಓಗೊಡಲಿಲ್ಲ. ಇನ್ನು ಯಾವ ಕಡೆ ಕೂಗಲಿ?

ಸಂಜೆ ಸವಿತ ನಾಟಿಕೋಳಿ ಸಾರು ಮಾಡಿದಳು. ನಾಲ್ಕೂ ಜನ ಒಟ್ಟಿಗೆ ಕೂತೆವು. ಫೋನನ್ನು ನನ್ನ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಒಮ್ಮೆ ಬಡಿದುಕೊಂಡಿತು, ಎಂಜಲು ಕೈಯಲ್ಲೇ ಎತ್ತಿದೆ. ಡೈರಿಯವರು, ಬೆಳಿಗ್ಗೆ ಕ್ಯಾನಿನ ಮುಚ್ಚಳ ಬಿಟ್ಟು ಬಂದಿದ್ದೆನಂತೆ.

ತಲೆ ಎತ್ತಿದಾಗ ಕುಮಾರ ಮಗಳನ್ನು ಗದರುತ್ತಿದ್ದ. "ಏನಮ್ಮಿ ಅದು, ಮುದ್ದೆ ಅಗೀತಿದ್ದೀಯ? ನುಂಗು."

ರಮ್ಯ ಕಣ್ಣು ಅರೆ ಮುಚ್ಚಿದ್ದಳು. ಎಡಗಡೆಯ ದವಡೆ ನಿಧಾನಕ್ಕೆ ಆಡುತ್ತಿತ್ತು.

"ಅಗೀಲಿ ಬುಡ್ಲಾ," ಎಂದು ನಾನು ಅವಳ ತಟ್ಟೆಗೆ ಇನ್ನೊಂದು ಅರ್ಧ ಮುದ್ದೆ ಇಟ್ಟೆ.