ಶಾಲೆಯ ಗೋಡೆಗೆ ಹಚ್ಚಿದ ಗಾಜು

1978ರಲ್ಲಿ ನಾನು ಶಿಗ್ಗಾಂವಿಯಲ್ಲಿ ಲೋಕೋಪಯೋಗಿ ಇಲಾಖೆಯ ಸೆಕ್ಷನ್ ಆಫೀಸರ್, ಅಂದರೆ ಕಿರಿಯ ಇಂಜಿನಿಯರ್ ಆಗಿದ್ದೆ. ರಸ್ತೆ, ಮೋರಿ, ಸರ್ಕಾರಿ ಕಟ್ಟಡಗಳ ಜೊತೆಗೆ ಇನ್ನೊಂದು ಹೊಣೆಯನ್ನೂ ನನ್ನ ತಲೆಗೆ ಕಟ್ಟಿದ್ದರು. ಅದು ಸವಣೂರಿನ ದಾರಿಯಲ್ಲಿದ್ದ ಒಂದು ಸಣ್ಣ ವಿಮಾನಪಟ್ಟಿ. ಹತ್ತಿಗೆ ಔಷಧ ಸಿಂಪಡಿಸುವ ವಿಮಾನ ಅಲ್ಲಿಂದ ಎದ್ದು ಹಾನಗಲ್ಲ, ಹಿರೇಕೆರೂರು ಸೀಮೆಯ ಹೊಲಗಳ ಮೇಲೆ ಸುತ್ತಿ ಬರುತ್ತಿತ್ತು. ಪಟ್ಟಿ ಇದ್ದ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ನೆನಪಿದೆ, ಉಳಿದವರಿಗೆ ಬೇಕಿಲ್ಲ.

ಪಟ್ಟಿಗೆ ಊರಿನ ಐದು ಜನರ ಸಲಹಾ ಸಮಿತಿಯೊಂದಿತ್ತು. ವಿಮಾನದ ಸದ್ದಿನ ತಕರಾರು ಕೇಳುವುದು, ದುರಸ್ತಿ ನೋಡುವುದು, ಪಟ್ಟಿಯ ಅಂಚಿನ ಹುಲ್ಲು ಹರಾಜಾದಾಗ ಬಂದ ಹಣ ಎಲ್ಲಿ ಹೋಯಿತೆಂದು ವಿಚಾರಿಸುವುದು ಅದರ ಕೆಲಸ. ನಾನು ಕಾರ್ಯದರ್ಶಿ. ಕಾಗದದ ಮೇಲೆ ನೋಡಿದರೆ ಊರೇ ವಿಮಾನವನ್ನು ಆಳುತ್ತಿತ್ತು. ನಡೆಯುತ್ತಿದ್ದದ್ದೇ ಬೇರೆ. ಸಭೆಯ ಹಿಂದಿನ ದಿನವೇ ನಾನು ಠರಾವು ಪುಸ್ತಕದಲ್ಲಿ ನಡಾವಳಿ ಬರೆದಿಡುತ್ತಿದ್ದೆ. ಸಭೆಯಲ್ಲಿ ಚಹಾ, ಅವಲಕ್ಕಿ, ಆಮೇಲೆ ಸಹಿ. ಓದಿ ಹೇಳಲೇ ಎಂದು ನಾನು ಬಾಯಿಮಾತಿಗೆ ಕೇಳಿದರೂ ಸಮಿತಿಯ ಹಿರಿಯರಾಗಿದ್ದ ಊರ ಗೌಡರು ಬೇಡವೆಂದು ಕೈ ಆಡಿಸುತ್ತಿದ್ದರು. "ಸಾಹೇಬ್ರು ಬರದಾರಂದ್ರ ಮತ್ತೇನ ಓದೂದೈತ್ರಿ." ಓದಿ ನೋಡುವುದೆಂದರೆ ಅಧಿಕಾರಿಯನ್ನು ಸಂಶಯಿಸಿದ ಹಾಗೆ ಎಂದು ಅವರ ಲೆಕ್ಕ. ಅವರ ಆ ಮರ್ಯಾದೆಯನ್ನು ಉಂಡುಕೊಂಡೇ ನಾನು ಅಲ್ಲಿ ನೌಕರಿ ಮಾಡಿದೆ.

ಓದುತ್ತಿದ್ದವರು ಒಬ್ಬರೇ, ಊರ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ ಶ್ರೀನಿವಾಸಾಚಾರ್ಯರು. ಸವಣೂರಿನ ವೈಷ್ಣವ ಪಂಡಿತರ ಮನೆತನದವರು. ಐದೂ ಜನರಲ್ಲಿ ಕೊನೆಗೆ ಪುಸ್ತಕ ತೆಗೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿ, ತಪ್ಪಿದ್ದಲ್ಲಿ ತಿದ್ದಿಸಿಯೇ ಸಹಿ ಹಾಕುತ್ತಿದ್ದರು. ಅಷ್ಟು ಹೊತ್ತು ನಾನು ಕಾಯಬೇಕು. ನನಗೆ ಅವರನ್ನು ಕಂಡರೆ ಕಿರಿಕಿರಿಯಾಗುತ್ತಿತ್ತು.

ಅವರ ಶಾಲೆ ಪಟ್ಟಿಯ ಪಡುವಣ ತುದಿಗಿತ್ತು. ಎರೆ ಭೂಮಿಯ ಮೇಲೆ ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ, ಮೇಲೆ ಹಂಚು. ಔಷಧ ತುಂಬಿದ ವಿಮಾನ ಹಂಚಿನ ಮೇಲೆಯೇ ಏಳುತ್ತಿತ್ತು. ಆಗ ಪಾಠ ನಿಲ್ಲುತ್ತಿತ್ತು, ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರು. 1980ರ ಸಿಂಪಡಣೆ ಶುರುವಾದಾಗ ಪಡುವಣ ಗೋಡೆಯಲ್ಲಿ ಬಿರುಕು ಬಿಟ್ಟಿತು. ಆಚಾರ್ಯರು ಬಿಡದೆ ಹಟ ಹಿಡಿದದ್ದರಿಂದ ಸಮಿತಿ ಮೊದಲ ಸಲ ತಾನಾಗಿ ಒಂದು ಠರಾವು ಮಾಡಿತು. ಬಿರುಕಿಗೆ ಗಾಜು ಹಚ್ಚುವುದು, ತಿಂಗಳೊಳಗೆ ಅದು ಒಡೆದರೆ ಶಾಲೆಗೆ ಬೇರೆ ಜಾಗ ಸಿಗುವವರೆಗೆ ವಿಮಾನ ನಿಲ್ಲಿಸುವುದು.

ಗಾಜಿನ ಸಂಗತಿ ಹೇಳಬೇಕು. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯನ್ನಿಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತುತ್ತೇವೆ. ಗೋಡೆ ಕೂದಲೆಳೆಯಷ್ಟು ಸರಿದರೂ ಅದು ಒಡೆಯುತ್ತದೆ. ಇಂಜಿನಿಯರರು ಇದನ್ನು ಟೆಲ್‌ಟೇಲ್ ಎನ್ನುತ್ತಾರೆ. ಅಂದು ನನ್ನ ಬಳಿ ಗಾಜಿರಲಿಲ್ಲ. ಆಚಾರ್ಯರು ಮನೆಗೆ ಹೋಗಿ ತಮ್ಮ ತಂದೆಯ ಫೋಟೋದ ಗಾಜನ್ನೇ ಬಿಚ್ಚಿ ತಂದರು. ಹಳೆಯ ಕಾಲದ್ದು, ತುಸು ಹಸಿರು, ನಡುವೆ ಸಣ್ಣ ಗುಳ್ಳೆಗಳು. ಅದರಲ್ಲೇ ಪಟ್ಟಿ ಕತ್ತರಿಸಿ ಹಚ್ಚಿದೆ.

ಹನ್ನೆರಡನೆಯ ದಿನ ಅದು ಒಡೆಯಿತು. ಮೊದಲು ಕಂಡವನು ನಾನೇ. ಒಡನೆ ನಮ್ಮ ಅಸಿಸ್ಟೆಂಟ್ ಎಕ್ಸಿಕ್ಯೂಟಿವ್ ಇಂಜಿನಿಯರರಿಗೆ ಹೇಳಿದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ.

"ಹತ್ತಿಗೆ ಹುಳ ಬಿದ್ದೈತಿ, ದಿನಾ ಮ್ಯಾಲಿಂದ ಫೋನ್ ಬರಾಕತ್ತಾವ. ಗಾಜೇನ ತುಟ್ಟಿ ಅಲ್ಲಲ್ಲ, ಬ್ಯಾರೇದು ಹಚ್ಚು."

ಆಗುವುದಿಲ್ಲ ಎನ್ನಬಹುದಿತ್ತು. ಎಲ್ಲೋ ಎತ್ತಂಗಡಿ ಮಾಡುತ್ತಿದ್ದರು, ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ರವಿವಾರ ಶಾಲೆ ಮುಚ್ಚಿದ್ದಾಗ ಗೌಂಡಿಯನ್ನು ಕರೆದುಕೊಂಡು ಹೋಗಿ ಹೊಸ ಕಿಟಕಿ ಗಾಜಿನ ತುಂಡು ಹಚ್ಚಿಸಿ, ಹಳೆಯದರಂತೆ ಕಾಣಲೆಂದು ಮೇಲೆ ಒಂದಿಷ್ಟು ಮಣ್ಣು ಸವರಿದೆ. ಆ ಮಣ್ಣು ಸವರಿದ್ದು ಯಾರೂ ಹೇಳಿ ಮಾಡಿಸಿದ್ದಲ್ಲ, ನನ್ನದೇ ಬುದ್ಧಿ. ನಡಾವಳಿಯಲ್ಲಿ "ಗಾಜು ಒಡೆದಿಲ್ಲ, ಗೋಡೆ ಸುಭದ್ರವಾಗಿದೆ" ಎಂದು ಬರೆದೆ.

ಸಭೆಯಲ್ಲಿ ನಾಲ್ವರು ಸಹಿ ಹಾಕಿದರು. ಆಚಾರ್ಯರು ಓದಿ ಮುಗಿಸಿ ಪುಸ್ತಕ ಮುಚ್ಚಿದರು.

"ಈಗ ಗ್ವಾಡಿಗಿರೂ ಗಾಜು ನಮ್ಮ ಮನೀದಲ್ರಿ, ಸಾಹೇಬ್ರ."

ಗಾಜಿನ ಮೇಲೆ ಧೂಳು ಕೂತಿದೆ, ಬೇರೆ ಥರ ಕಾಣುತ್ತದೆ ಎಂದೆ. ಗೌಡರು ಸಿಟ್ಟಾದರು, ನನ್ನ ಮೇಲಲ್ಲ, ಆಚಾರ್ಯರ ಮೇಲೆ. ಊರಿಗೆ ಬಂದ ಅಧಿಕಾರಿಯನ್ನು ಸುಳ್ಳುಗಾರ ಅಂತೀರೇನು ಎಂದು ಗದರಿದರು. ಆಚಾರ್ಯರು ಪೆನ್ನಿನ ಟೋಪಿ ಹಾಕಿ ಕಿಸೆಗಿಟ್ಟುಕೊಂಡು ಎದ್ದು ಹೋದರು.

ಮರುದಿನದಿಂದ ಅವರು ಬೇವಿನ ಮರದ ಕೆಳಗೆ ಪಾಠ ಮಾಡತೊಡಗಿದರು. ಮಳೆ ಬಂದರೆ ಒಳಗೆ ಹೋಗಲೇಬೇಕಲ್ಲ, ಅದಕ್ಕೆ ಪಡುವಣ ಗೋಡೆಯಿಂದ ನಾಲ್ಕು ಮಾರು ದೂರ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಆಚೆ ಯಾರೂ ಕೂಡಬಾರದೆಂದು ಮಕ್ಕಳಿಗೆ ಹೇಳಿದ್ದರಂತೆ. ಮೇಲಿನವರಿಗೆ ಪತ್ರವನ್ನೂ ಬರೆದರು. ಉತ್ತರವಾಗಿ ಬಂದದ್ದು ಅವರಿಗೇ ನೋಟೀಸು. ಇಂಜಿನಿಯರ್ ಸುಭದ್ರವೆಂದ ಕಟ್ಟಡದ ಬಗ್ಗೆ ಜನರಲ್ಲಿ ಭಯ ಹುಟ್ಟಿಸಿದ್ದಾರೆ ಎಂಬುದು ಆರೋಪ, ಜೊತೆಗೆ ನನ್ನ ನಡಾವಳಿಯ ಪ್ರತಿ. ನಿವೃತ್ತಿಗೆ ಎರಡೇ ವರ್ಷ ಇದ್ದವರನ್ನು ರಟ್ಟೀಹಳ್ಳಿಯ ಆಚೆಯ ಒಂದು ಹಳ್ಳಿಗೆ ವರ್ಗ ಮಾಡಿದರು. ಆ ಆದೇಶ ಕಂಡು ನನಗೆ ಸಮಾಧಾನವಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆಗ ಆದದ್ದು ಸಮಾಧಾನವೇ.

ಹೊಸ ಮಾಸ್ತರರು ಮಕ್ಕಳನ್ನು ಒಳಗೆ ಕೂಡಿಸಿದರು. ಗೆರೆ ಅಳಿಸಿಹೋಗಿತ್ತು, ಆದರೂ ಮಕ್ಕಳು ಅದನ್ನು ದಾಟುತ್ತಿರಲಿಲ್ಲ. ಎಷ್ಟು ಗದರಿದರೂ ಮತ್ತೆ ಮೂಡಣ ಗೋಡೆಗೆ ಒತ್ತಿಕೊಂಡು ಕೂಡುತ್ತಿದ್ದರಂತೆ. ಮುಂದಿನ ವರ್ಷ ಸಿಂಪಡಣೆಯ ಹೊತ್ತಿಗೆ, ಎರಡು ದಿನ ಮಳೆ ಹಿಡಿದು ಬಿಟ್ಟ ಬೆಳಿಗ್ಗೆ, ವಿಮಾನ ಎದ್ದ ಹಿಂದೆಯೇ ಪಡುವಣ ಗೋಡೆ ಕುಸಿಯಿತು. ಗೆರೆಯ ಈಚೆಗಿದ್ದ ಒಂದು ಮಗುವಿಗೂ ಪೆಟ್ಟಾಗಲಿಲ್ಲ. ದುಂಡಸಿಯಿಂದ ಬಂದು ಮೂರು ದಿನದ ಹಿಂದೆ ಶಾಲೆಗೆ ಸೇರಿದ್ದ ಹುಡುಗಿಯೊಬ್ಬಳಿಗೆ ಗೆರೆಯ ವಿಷಯ ಗೊತ್ತಿರಲಿಲ್ಲ. ಜಾಗ ಖಾಲಿ ಇದೆಯೆಂದು ಅಲ್ಲಿ ಕೂತಿದ್ದಳು. ಅವಳ ಬಲಗಾಲು ಕಲ್ಲಿನಡಿ ಜಜ್ಜಿಹೋಯಿತು.

ಅತಿವೃಷ್ಟಿಯಿಂದ ಗೋಡೆ ಬಿದ್ದಿದೆ ಎಂದು ವರದಿ ಬರೆದವನೂ ನಾನೇ. ಸಮಿತಿ ಅದಕ್ಕೂ ಓದದೆ ಸಹಿ ಹಾಕಿತು. ಅಂದೂ ಚಹಾ, ಅವಲಕ್ಕಿ ಇತ್ತು.

ಕೆಲವು ತಿಂಗಳ ಮೇಲೆ ರಟ್ಟೀಹಳ್ಳಿಯ ಕಡೆ ಹೋಗಿ ಆಚಾರ್ಯರನ್ನು ಕಂಡೆ. ಒಡೆದ ಗಾಜಿನ ಎರಡು ತುಂಡುಗಳನ್ನು ನಾನು ಮೇಜಿನ ಖಾನೆಯಲ್ಲೇ ಇಟ್ಟುಕೊಂಡಿದ್ದೆ. ಕಾಗದ ಬಿಚ್ಚಿ ಅವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಬಯ್ಯುತ್ತಾರೆ, ಆಮೇಲೆ ನನ್ನ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವರು ತುಂಡುಗಳನ್ನು ಜೋಡಿಸಿ ನೋಡಿದರು.

"ಆ ಹುಡುಗಿ ನಡೀತಾಳೇನ್ರಿ?"

ಕೋಲು ಹಿಡಿದು ನಡೆಯುತ್ತಾಳೆ ಎಂದೆ. ಅವರು ತುಂಡುಗಳನ್ನು ಅದೇ ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

"ಇದನ್ನ ಇಡಬೇಕಾಗಿದ್ದು ಸಭಾದಾಗ್ರಿ, ನನ್ನ ಮುಂದಲ್ಲ. ನೀವ ಇಟ್ಕೋರಿ."

ಮುಂದೆ ನನಗೆ ಎರಡು ಬಡ್ತಿ ಸಿಕ್ಕವು. ಎಷ್ಟೋ ಸಮಿತಿಗಳಿಗೆ ಕಾರ್ಯದರ್ಶಿಯಾದೆ, ಅಧ್ಯಕ್ಷನೂ ಆದೆ. ಓದದೆ ಸಹಿ ಹಾಕಲು ಬಂದವರ ಕೈ ಹಿಡಿದು ಓದಿಸಿದ್ದೇನೆ. ನಮ್ಮನ್ನು ಸಂಶಯಿಸುವವರೊಬ್ಬರು ಎದುರಿಗೆ ಕೂತಿರಬೇಕು, ಅವರನ್ನು ಓಡಿಸಬಾರದು. ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದೂ ಒಂದು ಮಗುವಿನ ಕಾಲು ಹೋದ ಮೇಲೆ. ಗಾಜಿನ ಪೊಟ್ಟಣ ಈಗಲೂ ಮನೆಯ ಕಪಾಟಿನಲ್ಲಿದೆ. ಮೊಮ್ಮಕ್ಕಳ ಕೈಗೆ ಚುಚ್ಚೀತೆಂದು ಹೆಂಡತಿ ಎರಡು ಸಲ ಬಿಸಾಡಲು ಹೊರಟಿದ್ದಳು, ನಾನು ಕಸಿದುಕೊಂಡೆ. ಅದು ಏನೆಂದು ಅವಳು ಕೇಳಿದ್ದಾಳೆ. ನಾನು ಇನ್ನೂ ಹೇಳಿಲ್ಲ.